ಹದಿನಾಲ್ಕನೆಯ ಸೀಸೆಯ ಹನ್ನೊಂದು ಗೆರೆ

1986ರ ಡಿಸೆಂಬರ್ 21, ರವಿವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಅಣ್ಣನ ಮಗ ಮೊದಲ ಸಲ ನೀರಿನಂತೆ ಭೇದಿ ಮಾಡಿದ್ದು ಆ ಹೊತ್ತಿಗೆ. ಅವನಿಗೆ ಆಗ ಹತ್ತು ತಿಂಗಳು ಆರು ದಿನ. ಅತ್ತಿಗೆ ಒಲೆಯ ಮುಂದೆ ಕೂತಿದ್ದಳು, ಕೂಸು ನನ್ನ ತೊಡೆಯ ಮೇಲಿತ್ತು. ನನ್ನ ಸೀರೆ ತೊಯ್ದಿತು. ನಾನು ಮೊದಲು ಮಾಡಿದ ಕೆಲಸ ಗೋಡೆಯ ಗಡಿಯಾರ ನೋಡಿದ್ದು. ಆಮೇಲೆ ನೋಟುಬುಕ್ಕಿನಲ್ಲಿ ಒಂದು ಗೆರೆ ಎಳೆದೆ.

ಎಲ್ಲವನ್ನೂ ಬರೆದಿಡುವ ಚಟ ನನಗೆ ಏಳನೆಯ ಇಯತ್ತೆಯಿಂದ ಇದೆ. ಮಳೆ ಬಿದ್ದ ದಿನ, ಆಕಳು ಕರು ಹಾಕಿದ ದಿನ, ಕಲಘಟಗಿಯ ಬಸ್ಸು ಎಷ್ಟು ನಿಮಿಷ ತಡವಾಯಿತು ಎಂಬುದು, ಎಲ್ಲ. ನನಗೆ ಕೆಲಸ ಸಿಕ್ಕಿದ್ದೂ ಅದರಿಂದಲೇ. ಆ ವರ್ಷ ನವೆಂಬರಿನಲ್ಲಿ ದೂರದ ನಗರದಿಂದ ಒಬ್ಬ ಡಾಕ್ಟರು ಕಲಘಟಗಿಗೆ ಬಂದರು. ಸುತ್ತಲಿನ ನಾಲ್ಕು ಊರುಗಳಲ್ಲಿ ಎರಡು ವರ್ಷದೊಳಗಿನ ಕೂಸುಗಳ ಭೇದಿಯನ್ನು ಸೀಸೆಯಲ್ಲಿ ತುಂಬಿ ತರುವವರು ಅವರಿಗೆ ಬೇಕಾಗಿದ್ದರು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಕರೆದುಕೊಂಡು ಹೋದ. ಡಾಕ್ಟರು ನನ್ನ ನೋಟುಬುಕ್ಕು ತಿರುವಿ ನೋಡಿದರು, ಬೇರೇನೂ ಕೇಳಲಿಲ್ಲ.

"ನೀವು ಇದನ್ನ ಹಲ್ಲು ಬರೋ ಭೇದಿ ಅಂತೀರಿ ಅಲ್ವಾ? ಹಲ್ಲಿಗೂ ಇದಕ್ಕೂ ಸಂಬಂಧ ಇಲ್ಲಮ್ಮ," ಎಂದು ಅವರು ತಮ್ಮ ಕಡೆಯ ಕನ್ನಡದಲ್ಲಿ ಹೇಳಿದರು. ಇದರ ಹಿಂದೆ ಇರುವುದು ರೋಟಾವೈರಸ್ ಎಂಬ ರೋಗಾಣು. ಚಳಿಗಾಲದಲ್ಲಿ ಹೆಚ್ಚು. ಅದು ಒಂದೇ ಬಗೆಯದಲ್ಲ. ಅದರ ಒಳಗೆ ಹನ್ನೊಂದು ಎಳೆಗಳಿರುತ್ತವೆ. ಆ ಎಳೆಗಳನ್ನು ಬಿಡಿಸಿ, ಲೋಳೆಯಂಥ ಒಂದು ತೆಳು ಹಲಗೆಯಲ್ಲಿ ಇಟ್ಟು ವಿದ್ಯುತ್ ಹರಿಸಿದರೆ, ಉದ್ದದ ಎಳೆ ಮೇಲೆಯೇ ನಿಲ್ಲುತ್ತದೆ, ಗಿಡ್ಡದು ಕೆಳಗೆ ಓಡುತ್ತದೆ. ಕೊನೆಗೆ ಹನ್ನೊಂದು ಗೆರೆ ಕಾಣಿಸುತ್ತವೆ. ನನ್ನ ನೋಟುಬುಕ್ಕಿನಲ್ಲೇ ಅವರು ಬರೆದು ತೋರಿಸಿದರು: ಮೇಲೆ ನಾಲ್ಕು, ಆಮೇಲೆ ಎರಡು, ಆಮೇಲೆ ಮೂರು, ಕೆಳಗೆ ಎರಡು. ಬಗೆ ಬೇರೆಯಾದರೆ ಗೆರೆಗಳು ತುಸು ಮೇಲೆ ಕೆಳಗೆ ಸರಿದಿರುತ್ತವೆ. ಎರಡು ಕೂಸುಗಳ ಗೆರೆ ಪೂರ್ತಿ ಒಂದಕ್ಕೊಂದು ಕೂಡಿದರೆ, ಇಬ್ಬರಿಗೂ ಒಂದೇ ಕಡೆಯಿಂದ ಬಂದಿರಬಹುದು. ಮುಂದೆ ಲಸಿಕೆ ಮಾಡುವವರಿಗೆ ಎಷ್ಟು ಬಗೆಗಳಿವೆ ಎಂದು ಮೊದಲು ಗೊತ್ತಿರಬೇಕಂತೆ.

ನನಗೆ ಅದು ಬಹಳ ಹಿಡಿಸಿತು. ಕಣ್ಣಿಗೆ ಕಾಣದ್ದನ್ನು ಗೆರೆ ಎಳೆದು ಎಣಿಸುವ ಜನ ಇದ್ದಾರೆ ಎಂದಾಯಿತಲ್ಲ.

ತಂಬೂರು, ದೇವಿಕೊಪ್ಪ, ಬಮ್ಮಿಗಟ್ಟಿ ಈ ಮೂರು ಕಡೆ ಕೆಲಸ ಸರಳವಾಗಿತ್ತು. ನರ್ಸಬಾಯಿಯ ಮುಂದೆ ತಾಯಂದಿರು ಕೂಸು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದರು, ನಾನು ಅಲ್ಲಿಯೇ ಕಡ್ಡಿಯಿಂದ ತೆಗೆದು ಸೀಸೆಗೆ ತುಂಬುತ್ತಿದ್ದೆ. ಸೀಸೆಯ ಮೇಲೆ ಹೆಸರು ಬರೆಯುವಂತಿರಲಿಲ್ಲ. ಊರಿನ ಗುರುತು, ಸಂಖ್ಯೆ, ತಾರೀಖು, ಕೂಸಿನ ತಿಂಗಳು, ಇಷ್ಟೇ. ನಮ್ಮ ಊರಿನಲ್ಲಿ ನರ್ಸಬಾಯಿ ಇರಲಿಲ್ಲ. ಅದಕ್ಕೆ ನಾನೇ ಒಂದು ಪದ್ಧತಿ ಮಾಡಿಕೊಂಡೆ. ಸಂಜೆ ಮನೆ ಮನೆಗೆ ಖಾಲಿ ಸೀಸೆ ಮತ್ತು ಕಡ್ಡಿ ಕೊಟ್ಟು ಬರುವುದು, ಬೆಳಿಗ್ಗೆ ಆರೂವರೆಗೆ ಹೋಗಿ ತುಂಬಿದ್ದನ್ನು ತರುವುದು. ಈ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯಿತ್ತು. ಯಾರ ಹೊತ್ತೂ ಹಾಳಾಗುತ್ತಿರಲಿಲ್ಲ.

ಊರಿನ ಹೆಂಗಸರಿಗೆ ಅದೊಂದು ಮೋಜು. ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ನನ್ನ ಡಬ್ಬಿ ನೋಡಿ ಕೊಡ ಕೆಳಗಿಟ್ಟಳು.

"ಏನ ಬೇ, ಕಾಲೇಜ ಕಲ್ತು ಹೇಲು ಹೊರೂ ನೌಕರಿ ಹಿಡದೀಯಲ್ಲ! ನಾವು ಕಲೀಲಾರದನ ಆ ಕೆಲಸ ಮಾಡಾಕತ್ತೇವಿ."

"ನಿಮ್ಮದು ತಿಪ್ಪಿಗಿ ಹೋಗ್ತದ, ನಂದು ಪ್ಯಾಟಿಗಿ ಹೋಗ್ತದ," ಎಂದೆ ನಾನು. ಎಲ್ಲರೂ ನಕ್ಕರು.

ನಗುತ್ತಿದ್ದರೇ ಹೊರತು ಸೀಸೆ ತುಂಬುತ್ತಿರಲಿಲ್ಲ. ನಮ್ಮ ಓಣಿಯ ಕೊನೆಯ ಮನೆಯವಳು, ನನ್ನ ಜೊತೆಗೇ ಸಾಲೆ ಕಲಿತವಳು, ಕಾರಣ ಹೇಳಿದಳು.

"ಕೂಸಿನ ಕೂದ್ಲಾ, ಉಗುರಾ, ಹೇಲು ಹೊರಗಿನವರ ಕೈಯಾಗ ಕೊಡಬಾರ್ದವಾ. ಯಾರರ ಮಾಟ ಮಾಡಿಸಿದ್ರ?"

"ಪ್ಯಾಟಿ ಡಾಕ್ಟರ್ ನಿನ್ನ ಕೂಸಿಗೆ ಯಾಕಲೇ ಮಾಟ ಮಾಡ್ತಾನ?"

"ಮಾಟ ಮಾಡಾವ್ರು ಹೇಳಿ ಮಾಡ್ತಾರೇನು?"

ಇದನ್ನು ನಾನು ಡಿಸೆಂಬರ್ 12ರ ಪುಟದಲ್ಲಿ ಬರೆದಿದ್ದೇನೆ. 'ಮೂಢನಂಬಿಕೆ. ಇಂದು ಮೂರು ಮನೆ.' ಅದರ ಕೆಳಗೆ ಗೆರೆ ಹೊಡೆದು ಮುಂದೆ ಹೋಗಿದ್ದೇನೆ.

ಡಿಸೆಂಬರ್ 18, ಗುರುವಾರ, ತಂಬೂರು. ಆ ದಿನದ ಪುಟದ ಬಗ್ಗೆ ಈವರೆಗೆ ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ. ಅಲ್ಲಿ ಒಂದು ಎಂಟು ತಿಂಗಳ ಕೂಸಿನ ಸೀಸೆ ತುಂಬಿಸುವಾಗ ಅದು ನನ್ನ ಸೆರಗಿನ ಮೇಲೆ ಭೇದಿ ಮಾಡಿತು. ಅದು ಹನ್ನೆರಡನೆಯ ಸೀಸೆ. ಡಾಕ್ಟರು ಕೊಟ್ಟ ಸೋಪಿನ ತುಂಡು ಹಿಂದಿನ ದಿನವೇ ತೀರಿತ್ತು. ಸೆರಗು ನೀರಿನಲ್ಲಿ ಜಾಲಿಸಿ, ಕೈಗೆ ಬೂದಿ ಹಚ್ಚಿ ತೊಳೆದು ಬಸ್ಸು ಹತ್ತಿದೆ. ಮನೆಯ ಬಾಗಿಲಲ್ಲಿ ಅಣ್ಣನ ಮಗ ಅಂಬೆಗಾಲಿಕ್ಕುತ್ತ ಬಂದು ನನ್ನ ಸೀರೆ ಹಿಡಿದು ಎದ್ದು ನಿಂತ. ಅವನು ಹಾಗೆ ಎದ್ದು ನಿಂತದ್ದು ಅದೇ ಮೊದಲು. ನಾನು ಎತ್ತಿಕೊಂಡೆ. ಅವನು ಸೆರಗಿನ ತುದಿ ಬಾಯಿಗೆ ಹಾಕಿಕೊಂಡ. ನೋಟುಬುಕ್ಕಿನಲ್ಲಿ ಎರಡೂ ಇವೆ: 'ಸೋಪು ಇಲ್ಲ, ಬೂದಿ' ಮತ್ತು 'ಸಂಜೆ 5-50, ಹಿಡಿದು ಎದ್ದು ನಿಂತ'.

ಆ ವಾರ ನಮ್ಮ ಓಣಿಯಲ್ಲಿ ಏಳು ಮನೆಗಳಲ್ಲಿ ಕೂಸುಗಳಿಗೆ ಭೇದಿ ಹತ್ತಿತ್ತು. ಸೀಸೆ ಮಾತ್ರ ಒಂದೂ ತುಂಬಲಿಲ್ಲ. ಅಲ್ಲಿಯವರೆಗಿನ ಹದಿಮೂರು ಸೀಸೆಗಳಲ್ಲಿ ನಮ್ಮ ಊರಿನವು ಎರಡೇ. ಹೀಗೆಯೇ ಆದರೆ ನಿಮ್ಮೂರನ್ನು ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. 20ರ ಶನಿವಾರ ಸಂಜೆ ನಾನು ಆ ಏಳು ಮನೆಗಳಿಗೆ ಹೋಗಿ ಒಂದು ಮಾತು ಹೇಳಿದೆ. ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿಯ ಪೊಟ್ಟಣಗಳನ್ನು ಡಾಕ್ಟರು ನನ್ನ ಹತ್ತಿರ ಕೊಟ್ಟಿದ್ದರು, ಭೇದಿಯಾದ ಯಾವ ಕೂಸಿಗಾದರೂ ಹಂಚಲೆಂದು.

"ಸೀಸೆ ತುಂಬಿದವರಿಗೆ ಎರಡ ಪೊಟ್ಟಣ. ಖಾಲಿ ಕೊಟ್ಟವರಿಗೆ ಇಲ್ಲರಿ."

ಡಾಕ್ಟರು ಹಾಗೆ ಹೇಳಿರಲಿಲ್ಲ. ಅದು ನನ್ನದೇ ಪದ್ಧತಿ.

ಮರುದಿನ ಬೆಳಿಗ್ಗೆ ನಮ್ಮ ಕೂಸಿಗೇ ಶುರುವಾಯಿತು. ಆರೂವರೆಗೆ ಏಳು ಮನೆ ತಿರುಗಿ ಬಂದೆ, ಏಳೂ ಸೀಸೆ ಖಾಲಿ. ಆ ದಿನ ತುಂಬಿದ್ದು ನಮ್ಮ ಮನೆಯದು ಮಾತ್ರ. ಹದಿನಾಲ್ಕನೆಯ ಸೀಸೆ. ನಾನೇ ತುಂಬಿದೆ, ಮುಚ್ಚಳ ಬಿಗಿದೆ, ಐಸಿನ ಪೆಟ್ಟಿಗೆಯಲ್ಲಿಟ್ಟೆ. ಆಮೇಲೆ ಪುಡಿ ಕಲಸಿ ಚಮಚದಿಂದ ಹಾಕಿದೆವು. ಕುಡಿದಷ್ಟನ್ನೂ ಅವನು ಕಾರಿದ. ಐದು ನಿಮಿಷ ಬಿಟ್ಟು ಮತ್ತೆ ಹಾಕು ಎಂದು ಪೊಟ್ಟಣದ ಮೇಲೆ ಇತ್ತು, ಹಾಗೆಯೇ ಹಾಕಿದೆವು.

ಸೋಮವಾರ ಬೆಳಿಗ್ಗೆ ಓಣಿಯಲ್ಲಿ ಮೂರು ಸೀಸೆ ತುಂಬಿದ್ದವು. ಮಂಗಳವಾರ ಎರಡು. ಬುಧವಾರ ಎರಡು. ಏಳೂ ಮನೆಗೆ ಪೊಟ್ಟಣ ಕೊಟ್ಟೆ. ಪದ್ಧತಿ ಕೆಲಸ ಮಾಡಿತು ಎಂದು ಬರೆದಿದ್ದೇನೆ.

ಬುಧವಾರ, 24ನೆಯ ತಾರೀಖು, ಮುಂಜಾನೆ ಅಣ್ಣ ಟ್ರ್ಯಾಕ್ಟರಿನಲ್ಲಿ ಕೂಸನ್ನು ಕಲಘಟಗಿಯ ದವಾಖಾನೆಗೆ ಕರೆದೊಯ್ದ. ಕೂಸಿನ ನೆತ್ತಿ ಒಳಗೆ ಕುಸಿದಿತ್ತು. ಅಳುವಾಗ ಕಣ್ಣೀರು ಬರುತ್ತಿರಲಿಲ್ಲ. ಸೂಜಿ ಹಾಕಲು ನರ ಸಿಗಲಿಲ್ಲ. ಮಧ್ಯಾಹ್ನ ಮೂರು ಗಂಟೆ ಹದಿನೈದು ನಿಮಿಷಕ್ಕೆ ಕೂಸು ಹೋಯಿತು. ಭೇದಿ ಮೂವತ್ತೆಂಟು, ವಾಂತಿ ಹದಿನೇಳು. ನೋಟುಬುಕ್ಕಿನ ಗೆರೆಗಳು ಅಲ್ಲಿಗೆ ನಿಂತಿವೆ. ಸಂಜೆಯೇ ಹೊಲದಲ್ಲಿ ಮಣ್ಣು ಮಾಡಿದರು.

ಗುರುವಾರ ಡಾಕ್ಟರ ಜೀಪು ಕಲಘಟಗಿಗೆ ಬರುವ ದಿನ. ಐಸು ಕರಗಿದರೆ ಸೀಸೆಗಳು ಕೆಡುತ್ತಿದ್ದವು. ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಬಾವಿಯ ಕಟ್ಟೆಯ ಅದೇ ಮುದುಕಿ ನನಗೆ ಕೇಳುವ ಹಾಗೆಯೇ ಹೇಳಿದಳು:

"ಕೂಸಿನ ಮಣ್ಣ ಇನ್ನೂ ಆರಿಲ್ಲ, ಹೇಲಿನ ಪೆಟಿಗಿ ಹೊತಗೊಂಡು ಹೊಂಟಾಳ ನೋಡ್ರೆ."

ಈ ಸಲ ಯಾರೂ ನಗಲಿಲ್ಲ. ನಾನು ಬಸ್ಸಿನ ಕಡೆ ನಡೆದೆ. ನಾನು ತಿರುಗಿ ಬಂದಾಗ ಅತ್ತಿಗೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಮನಿ ಮನೀದು ಮುಟ್ಟಿ ಬಂದು ನನ್ನ ಕೂಸನ್ನ ಎತಗೊಂತಿದ್ದಿ. ನೀನ ತಂದಿ," ಎಂದಳು. ಧ್ವನಿ ಏರಿಸಲಿಲ್ಲ. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ರೊಟ್ಟಿ ಮಾತ್ರ ಬಡಿಸುತ್ತಿದ್ದಳು.

ಫೆಬ್ರವರಿ ಕೊನೆಯವರೆಗೆ ನಾನು ಕೆಲಸ ಬಿಡಲಿಲ್ಲ. ಹದಿನಾಲ್ಕನೆಯ ಸೀಸೆಯ ಗೆರೆ ನೋಡಬೇಕಾಗಿತ್ತು, ಅದೊಂದೇ ಕಾರಣ. ಅತ್ತಿಗೆಯ ಮಾತು ಖರೆಯೋ ಸುಳ್ಳೋ ಅದರಲ್ಲಿದೆ ಎಂದು ನಂಬಿದ್ದೆ. ಡಾಕ್ಟರಿಗೆ ಹೇಳಿದ್ದೆ, ಅವರು ಬರೆದು ತಿಳಿಸುತ್ತೇನೆ ಎಂದಿದ್ದರು.

ಪತ್ರ ಬಂದದ್ದು 1987ರ ಏಪ್ರಿಲ್ 20, ಸೋಮವಾರ. ನಾಲ್ಕೂ ಊರು ಸೇರಿ ಹತ್ತೊಂಬತ್ತು ಸೀಸೆಗಳಲ್ಲಿ ಗೆರೆ ಕಂಡಿದ್ದವು. ಬೇರೆ ಮೂರು ಊರುಗಳ ಹನ್ನೊಂದರಲ್ಲಿ ಐದು ಬಗೆ ಇದ್ದವು. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟು ಬಗೆ ಇರುವುದೇ ಸೋಜಿಗ ಎಂದು ಬರೆದಿದ್ದರು. ಅದಕ್ಕಿಂತ ದೊಡ್ಡ ಸೋಜಿಗ ನಮ್ಮ ಊರಿನದಂತೆ. ಡಿಸೆಂಬರ್ 21ರಿಂದ 24ರವರೆಗಿನ ಎಂಟೂ ಸೀಸೆಗಳಲ್ಲಿ ಒಂದೇ ಬಗೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. 'ಒಂದೇ ಮೂಲದಿಂದ ಎಂಟು ಮನೆಗೆ ಹರಡಿದಂತಿದೆ. ನೀರಿನಿಂದಲೋ, ಯಾರದೋ ಕೈಯಿಂದಲೋ. ನೀವು ಚೆನ್ನಾಗಿ ಸಂಗ್ರಹಿಸಿದ್ದೀರಿ.'

ಎಂಟೂ ಮನೆಗೆ ಹೋಗುತ್ತಿದ್ದ ಕೈ ಒಂದೇ.

ಅಡಗಿಸಿಡಬಹುದಿತ್ತು. ನಾನು ಅಡಗಿಸಲಿಲ್ಲ. ಆ ಸಂಜೆ ಅವ್ವ, ಅಪ್ಪ, ಅಣ್ಣ, ಅತ್ತಿಗೆ, ಅಪ್ಪನ ತಾಯಿಯಾದ ಆಯಿ, ಎಲ್ಲರೂ ಇದ್ದಾಗ ಓದಿದೆ. ಅತ್ತಿಗೆ ಕೊನೆಯವರೆಗೂ ಕೇಳಿದಳು.

"ಹಂಗಾರ ನಾ ಅಂದಿದ್ದು ಖರೇನ ಆತಲ್ಲ," ಎಂದು ಅಣ್ಣನಿಗೆ ಹೇಳಿ ಒಳಗೆ ಹೋದಳು. ಆಯಿ ಬತ್ತಿ ಹೊಸೆಯುತ್ತ ಕೂತಿದ್ದಳು.

ಆರು ತಿಂಗಳು ನಾನು ಅದನ್ನು ನಂಬಿಕೊಂಡು ಬದುಕಿದೆ. ಅಕ್ಟೋಬರ್ 14ರ ಬುಧವಾರ ಹೊಲದಲ್ಲಿ ಶೇಂಗಾ ಹರಿಯುತ್ತಿದ್ದೆವು. ಓಣಿಯ ಕೊನೆಯ ಮನೆಯ ನನ್ನ ಗೆಳತಿ ನನ್ನ ಬಾಜುವಿನಲ್ಲೇ ಕೂತಿದ್ದಳು. ಅವಳ ಮಗಳು ಬದುವಿನ ಮೇಲೆ ಹಸಿ ಕಾಯಿ ಬಾಯಿಗೆ ಹಾಕಿಕೊಂಡಳು.

"ಏ, ಉಗುಳಲೇ! ಮತ್ತ ಭೇದಿ ಹತ್ತಿದ್ರ ಈ ಸಲ ಸೀಸೆ ತುಂಬಿ ಕೊಡಾಕ ಆಯಿ ಕಡೆ ಕೂಸೂ ಇಲ್ಲ," ಎಂದು ಕೂಗಿದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

"ಏನಂದಿ?"

"ಏನಿಲ್ಲ ಬಿಡು."

"ಹೇಳಲೇ."

ಬಳ್ಳಿಯ ಮಣ್ಣು ಜಾಡಿಸುತ್ತ ಅವಳು ಹೇಳಿದಳು. "ನೀ ಸಿಟ್ಟಾಗಬ್ಯಾಡ. ನೀ ಸೀಸೆ ಇಲ್ಲಂದ್ರ ಪುಡಿ ಇಲ್ಲ ಅಂದಿ. ನಮಗ ನಮ್ಮ ಕೂಸಿಂದು ಕೊಡಾಕ ಅಂಜಿಕಿ. ನಿಮ್ಮ ಆಯಿ ಹಿತ್ತಲ ಬಾಗಲದಾಗ ಕರದು, 'ತರ್ರೆ ನಿಮ್ಮ ಸೀಸೆ, ನಮ್ಮ ಕೂಸಿಂದು ತುಂಬಿ ಕೊಡ್ತೇನಿ, ಅದೇನ ಅರಿವಿ ತುಂಬ ಐತಿ' ಅಂದ್ಳು. ಏಳೂ ಮಂದೀಗೂ ಅಕೀನ ತುಂಬಿ ಕೊಟ್ಲು. ಪುಣ್ಯಾತ್ಮಳು."

ನಾನು ಹರಿದ ಬಳ್ಳಿ ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ಆಯಿ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು.

"ಆಯಿ, ಸೀಸೆ ನೀ ತುಂಬಿದಿ?"

"ಹೂಂ."

"ಪತ್ರ ಓದಿದಾಗ ಯಾಕ ಹೇಳಲಿಲ್ಲ?"

"ನೀ ಗೆರಿ ಅಂದಿ, ಬಗಿ ಅಂದಿ, ಚಲೋ ಮಾಡೀರಿ ಅಂತ ಡಾಕ್ಟರ್ ಬರದಾನ ಅಂದಿ. ನನಗೇನ ತಿಳೀತದ ಅದು? ನಿನ್ನ ಕೆಲಸಕ್ಕ ಚಲೋ ಹೆಸರು ಬಂತಂತ ತಿಳಕೊಂಡೆ." ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ನಮ್ಮನಿ ಕೂಸಿಂದು ಎಂಟ ಸೀಸೇಕ ಹಾಕಿದ್ರ ಎಂಟೂ ಒಂದ ನಮೂನಿ ಇರಲಾರದ ಮತ್ತೇನ ಇರ್ತಾವು?"

"ನಿನಗ ಮಾಟದ ಅಂಜಿಕಿ ಇರಲಿಲ್ಲೇನು?"

"ಪೆಟಿಗಿ ನಮ್ಮ ಮನ್ಯಾಗ ಇರ್ತಿತ್ತು. ನೀ ನಮ್ಮಾಕಿ. ನೀ ಮಾಟ ಮಾಡ್ತಿ?" ಮತ್ತೆ ಮೊರ ಎತ್ತಿಕೊಂಡು, "ಏಳು ಕೂಸು ಉಳದಾವಲ್ಲ," ಎಂದಳು.

ಅದು ನಿಜ. ಏಳೂ ಉಳಿದಿವೆ. ಅದೂ ನನ್ನ ಲೆಕ್ಕದಲ್ಲಿದೆ.

ನೋಟುಬುಕ್ಕು ತೆಗೆದು ನೋಡಿದೆ. ಮೊದಲಿನಿಂದಲೂ ಅದು ಅಲ್ಲಿಯೇ ಇತ್ತು. 21ರ ಬೆಳಿಗ್ಗೆ ಏಳೂ ಖಾಲಿ. ನಮ್ಮ ಕೂಸಿಗೆ ಭೇದಿ ಶುರುವಾದ ಮರುದಿನದಿಂದ ಸೀಸೆ ತುಂಬತೊಡಗಿವೆ. ಕೂಸು ಹೋದ ಮೇಲೆ ಓಣಿಯಿಂದ ಒಂದೂ ತುಂಬಿದ ಸೀಸೆ ಬಂದಿಲ್ಲ. ದಿನಾ ಬರೆದವಳು ನಾನು, ಒಂದು ದಿನವೂ ಓದಿರಲಿಲ್ಲ. ಓಣಿಯ ಏಳು ಕೂಸುಗಳಿಗೆ ಯಾವ ಬಗೆಯ ರೋಟಾವೈರಸ್ ಬಂದಿತ್ತು, ಅದು ರೋಟಾವೈರಸ್ಸೇ ಹೌದೋ ಅಲ್ಲವೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಆ ಸಂಜೆ ಅತ್ತಿಗೆಯ ಹತ್ತಿರ ಹೋದೆ. ಅವಳು ಆಗ ಮತ್ತೆ ಬಸುರಿ, ಆರು ತಿಂಗಳು. ಹತ್ತು ತಿಂಗಳಲ್ಲಿ ಅವಳನ್ನು ನಾನಾಗಿ ಮಾತಾಡಿಸಿದ್ದು ಅದೇ ಮೊದಲು. ಎಲ್ಲ ಹೇಳಿದೆ. ಸೆರಗಿನ ಮಾತು ಮಾತ್ರ ಹೇಳಲಿಲ್ಲ.

"ಹಂಗಾರ ನೀ ತರಲಿಲ್ಲೇನು?" ಎಂದಳು.

"ಗೊತ್ತಿಲ್ಲ ವೈನಿ."

"ಗೊತ್ತಿಲ್ಲ ಅಂದ್ರ ತಂದಿಲ್ಲ ಅಂದಂಗ ಆಗೂದಿಲ್ಲ."

ಅವಳ ಮಾತಿನಲ್ಲಿ ತಪ್ಪಿಲ್ಲ. ಎಂಟು ಸೀಸೆಗಳ ಸಾಕ್ಷಿ ಬಿದ್ದುಹೋಯಿತು, ಆದರೆ ಹನ್ನೆರಡನೆಯದು ಉಳಿದಿದೆ. ತಂಬೂರಿನ ಆ ಸೀಸೆಯನ್ನು ನನ್ನ ಕೈಯಿಂದಲೇ ತುಂಬಿದ್ದೇನೆ, ಅದರಲ್ಲಿ ಮೋಸವಿಲ್ಲ. ಹದಿನಾಲ್ಕನೆಯದರಲ್ಲೂ ಇಲ್ಲ. ಬೇರೆ ಊರುಗಳಲ್ಲಿ ಐದು ಬಗೆ ಎಂದು ಡಾಕ್ಟರು ಬರೆದಿದ್ದರು. ನಮ್ಮ ಕೂಸಿನದು ಆ ಐದರಲ್ಲಿ ಒಂದೋ, ಆರನೆಯದೋ ಎಂದು ಬರೆದಿರಲಿಲ್ಲ. ಏಪ್ರಿಲ್‌ನಲ್ಲಿ ನನಗೆ ಅದನ್ನು ಕೇಳಬೇಕೆಂದೇ ಹೊಳೆದಿರಲಿಲ್ಲ.

ಮೂರು ಪತ್ರ ಹಾಕಿದೆ: ಅಕ್ಟೋಬರ್ 15, ನವೆಂಬರ್ 23, ಜನವರಿ 11. ಏಳು ಸೀಸೆಗಳನ್ನು ಪಟ್ಟಿಯಿಂದ ತೆಗೆದುಹಾಕಿ ಎಂದೂ ಬರೆದೆ, ಹನ್ನೆರಡು ಮತ್ತು ಹದಿನಾಲ್ಕರ ಗೆರೆ ಕೂಡುತ್ತವೆಯೋ ನೋಡಿ ಎಂದೂ ಬರೆದೆ. ಫೆಬ್ರವರಿಯಲ್ಲಿ ಒಂದು ಕಾರ್ಡು ಬಂತು, ಬೇರೆ ಯಾರದೋ ಅಕ್ಷರದಲ್ಲಿ. ಡಾಕ್ಟರು ಈಗ ಇಲ್ಲಿಲ್ಲ, ಪಟ್ಟಿ ಅಚ್ಚಿಗೆ ಹೋಗಿದೆ, ಸೀಸೆಗಳನ್ನೂ ಗೆರೆಗಳ ಫೋಟೋಗಳನ್ನೂ ಬೇರೆ ಪ್ರಯೋಗಾಲಯಕ್ಕೆ ಕಳಿಸಲಾಗಿದೆ. ಯಾವುದಕ್ಕೆ ಎಂದು ಬರೆದಿರಲಿಲ್ಲ. ಎಲ್ಲಿಯೋ ಒಂದು ಪುಸ್ತಕದಲ್ಲಿ ನಮ್ಮ ಊರು ಒಂದೇ ಬಗೆಯ ರೋಟಾವೈರಸ್ ಇರುವ ಊರು ಎಂದು ಅಚ್ಚಾಗಿರಬೇಕು. ಅದು ಒಂದೇ ಕೂಸಿನ ಎಂಟು ಸೀಸೆಯ ಲೆಕ್ಕ.

ಇದನ್ನು ಬರೆಯುತ್ತಿರುವುದು 1988ರ ಸೆಪ್ಟೆಂಬರಿನಲ್ಲಿ. ಅತ್ತಿಗೆಗೆ ಜನವರಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಎಂಟು ತಿಂಗಳು. ಒಂದೇ ಮನೆಯಲ್ಲಿದ್ದೇವೆ, ನಾನು ಅದನ್ನು ಒಂದು ಸಲವೂ ಎತ್ತಿಕೊಂಡಿಲ್ಲ. ಮೊನ್ನೆ ಅದು ಅಂಬೆಗಾಲಿಕ್ಕುತ್ತ ನನ್ನ ಕಡೆ ಬಂತು. ನಾನು ಕೈ ಚಾಚುವ ಮೊದಲೇ ಅತ್ತಿಗೆ ಬಂದು ಎತ್ತಿಕೊಂಡಳು. ಬೈಯಲಿಲ್ಲ. ಚಳಿಗಾಲಕ್ಕೆ ಇನ್ನು ಎರಡೂವರೆ ತಿಂಗಳಿದೆ.

ಇದನ್ನು ಓದುವವರಲ್ಲಿ ಅಂಥ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಇರಬಹುದು. 1986ರ ಡಿಸೆಂಬರಿನ, ಕಲಘಟಗಿ ತಾಲೂಕಿನ ಗುರುತಿರುವ ಸೀಸೆಗಳೋ ಫೋಟೋಗಳೋ ನಿಮ್ಮ ಕಪಾಟಿನಲ್ಲಿದ್ದರೆ ದಯವಿಟ್ಟು ತೆಗೆದು ನೋಡಿ. ಹದಿನೈದರಿಂದ ಇಪ್ಪತ್ತೊಂದರವರೆಗಿನ ಸಂಖ್ಯೆಗಳನ್ನು ಬಿಟ್ಟುಬಿಡಿ. ಹನ್ನೆರಡನ್ನೂ ಹದಿನಾಲ್ಕನ್ನೂ ಬಾಜು ಬಾಜು ಇಡಿ. ಮೇಲಿನ ನಾಲ್ಕು, ಆಮೇಲಿನ ಎರಡು, ಮೂರು, ಕೆಳಗಿನ ಎರಡು, ಹನ್ನೊಂದೂ ಕೂಡುತ್ತವೆಯೇ ಇಲ್ಲವೇ ಎಂದಷ್ಟೇ ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಕೂಡುತ್ತವೆ ಎಂದಾದರೂ ಬರೆಯಿರಿ. ಸೆರಗಿನ ಮಾತು ಇಲ್ಲಿ ಅಚ್ಚಾಗುವ ಮೊದಲೇ ಅತ್ತಿಗೆಗೆ ಹೇಳುತ್ತೇನೆ. ನಿಮ್ಮ ಪತ್ರವನ್ನೂ ಅವಳ ಮುಂದೆಯೇ ಓದುತ್ತೇನೆ.